ದೋಣಿಗಾಡಿಯ ಕೀಲೆಣ್ಣೆ

ನಮ್ಮ ಭಾವ ಚಾಮಯ್ಯ ತಿರುಮಕೂಡಲಿನಲ್ಲಿ ದೋಣಿ ಹಾಕಿ ಜನರನ್ನು ಹೊಳೆ ದಾಟಿಸುತ್ತಿದ್ದವನು. ಅವನಿಗೆ ಇಬ್ಬರು ಹೆಂಡಿರು ಎಂದು ನಾನು ಹಂಗಿಸುತ್ತಿದ್ದೆ. ಒಬ್ಬಳು ನನ್ನ ಅಕ್ಕ ಮಂಚಮ್ಮ, ಇನ್ನೊಬ್ಬಳು ಅವನ ದೋಣಿಗಾಡಿ. ಹೆಚ್ಚು ಆರೈಕೆ ಯಾರಿಗೆ ಎಂದು ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ದೋಣಿಯ ಹಲಗೆ ನೋಡಿ ಸಂದು ಮುಚ್ಚುವುದು ಗೊತ್ತಿದ್ದ ಬಡಗಿ ಇದ್ದದ್ದು ನಂಜನಗೂಡಿನಲ್ಲಿ, ಕಾಳಾಚಾರಿ ಒಬ್ಬನೇ. ಬೇಸಗೆಯಲ್ಲಿ ಹೊಳೆ ಬತ್ತಿ ಬಂಡೆ ಎದ್ದಾಗ ದೋಣಿಯನ್ನು ಗಾಡಿಯ ಮೇಲೆ ಹೇರಿಕೊಂಡು ಎರಡು ದಿನ ನಡೆಯಬೇಕು, ರಿಪೇರಿಯಾದ ಮೇಲೆ ಮತ್ತೆ ಎರಡು ದಿನ. ಎತ್ತು ಹೊಡೆಯುವುದು ನನ್ನ ಪಾಲು. ಆ ದಾರಿಯ ದೂಳು ನೆನೆದರೆ ಈಗಲೂ ಕಾಲು ಸೋಲುತ್ತದೆ.

ಪ್ಲೇಗು ಬಂದು ಹೋದ ಮಾರನೆಯ ವರ್ಷ ಹಳೆಯ ಗಾಡಿ ನಡುದಾರಿಯಲ್ಲಿ ಅಚ್ಚು ಮುರಿದು ಕೂತಿತು. ಹೊಸದನ್ನು ಮಾಡಿಸುವಾಗ ಭಾವ ಕಾಳಾಚಾರಿಯ ಜೀವ ಹಿಂಡಿಬಿಟ್ಟ. ಅಚ್ಚು ತೂರುವ ಚಕ್ರದ ಗುಂಭಕ್ಕೆ ಕರಿಜಾಲಿಯೇ ಆಗಬೇಕು, ಅದೂ ಮೂರು ವರ್ಷ ಒಣಗಿದ್ದು. ದಿಮ್ಮಿಗೆ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು ಕೇಳಿ, ನಾಲ್ಕನ್ನು ಬೇಡ ಎಂದ. ಐದನೆಯದು ಒಪ್ಪಿಗೆಯಾಯಿತು. ಹೆಣ್ಣು ನೋಡುವಾಗಲೂ ಅವನು ಇಷ್ಟು ನೋಡಿರಲಿಲ್ಲ.

ಆಮೇಲೆ ಅದನ್ನು ಸಾಕಿದ ಬಗೆ ಬೇರೆ. ಗಾಡಿಯನ್ನು ನೀರಿಗೆ ಇಳಿಸುವಂತಿಲ್ಲ, ಮರಳು ಗುಂಭಕ್ಕೆ ಹೊಕ್ಕರೆ ಅಚ್ಚು ತಿನ್ನುತ್ತದೆ. ಒಣ ದಡದಲ್ಲಿ ಗಾಡಿ ನಿಲ್ಲಿಸಿ ನಾಲ್ಕು ಜನ ದೋಣಿ ಹೊರಬೇಕು. ಬಿಸಿಲಿಗೆ ಮರ ಕುಗ್ಗಿ ಕಬ್ಬಿಣದ ಪಟ್ಟಿ ಸಡಿಲವಾಗದಂತೆ ಚಕ್ರಕ್ಕೆ ಒದ್ದೆ ಗೋಣಿ ಸುತ್ತಬೇಕು. ಹೊರಡುವಾಗ ಒಮ್ಮೆ, ತಂಗಿದ ಕಡೆ ಒಮ್ಮೆ ಕೀಲೆಣ್ಣೆ. ಅದಕ್ಕೆ ಅಕ್ಕ ಹರಳುಬೀಜ ಹುರಿದು, ಕುಟ್ಟಿ, ಕುದಿಸಿ, ಇಡೀ ದಿನ ಒಲೆಯ ಮುಂದೆ ನಿಂತು ಎಣ್ಣೆ ತೆಗೆಯುತ್ತಿದ್ದಳು. ಭಾವ ಅದಕ್ಕೆ ಸುಟ್ಟ ಹುಲ್ಲಿನ ಮಸಿ ಕಲಸಿಕೊಳ್ಳುತ್ತಿದ್ದ.

ಅಕ್ಕನಿಗೆ ಮಂಡಿನೋವು. ನಂಜನಗೂಡಿನ ನಂಜುಂಡಪ್ಪನಿಗೆ ಹರಕೆ ಹೊತ್ತಿದ್ದಳು. ಕಾಲು ಬರಲಿ ಎಂದು ಹೋಗಬೇಕು, ಹೋಗುವುದಕ್ಕೆ ಕಾಲೇ ಇಲ್ಲ.

"ಎಂಗೂ ದೋಣಿ ಖಾಲಿ ಓಯ್ತದೆ, ನನ್ನೂ ಅದ್ರಾಗೆ ಕುಂಡ್ರಿಸ್ಕಳಿ," ಎಂದು ವರ್ಷವರ್ಷವೂ ಕೇಳುತ್ತಿದ್ದಳು.

"ದೋಣಿ ಭಾರನೇ ಸಾಕು ಕಣಮ್ಮಿ. ಇನ್ನೊಂದಾಳು ಅಂದ್ರೆ ಅಚ್ಚು ತಡಿಯಕಿಲ್ಲ. ಬರೋ ವರ್ಷ ನೋಡವ," ಎನ್ನುತ್ತಿದ್ದ ಭಾವ.

ಬೇರೆಯವರ ಗಾಡಿ ಕೇಳೋಣ ಎಂದರೆ ಅಕ್ಕ ಒಪ್ಪಳು. ಮನೇಲಿ ಗಾಡಿ ಇಟ್ಕೊಂಡು ಕಂಡೋರ ಗಾಡಿ ಹತ್ತಲೇ ಎನ್ನುವಳು. ಊರಿನವರನ್ನೆಲ್ಲ ದಡ ಮುಟ್ಟಿಸುವವನು ಹೆಂಡತಿಯನ್ನು ಹಟ್ಟಿಯ ಬಾಗಿಲಲ್ಲೇ ಬಿಟ್ಟಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇಂಥವರನ್ನು ಕಂಡೇ ಇರಬೇಕು. ಹೀಗೆ ಎಂಟು ಬೇಸಗೆ ಕಳೆದವು.

ಒಂಬತ್ತನೆಯ ಬೇಸಗೆ. ದೋಣಿ ಹೇರಿ ಕಟ್ಟಿದ್ದೆವು. ಭಾವ ಒಳಗಿಂದ ಎಣ್ಣೆಯ ಕುಡಿಕೆ ತಂದು ಬಗ್ಗಿಸಿದ. ಒಂದು ತೊಟ್ಟೂ ಬೀಳಲಿಲ್ಲ.

"ಕೀಲೆಣ್ಣೆ ಎಲ್ಲಮ್ಮಿ?"

ಅಕ್ಕ ಜಗಲಿಯ ಕಂಬಕ್ಕೆ ಒರಗಿದ್ದಳು. "ಒಲೆ ಮುಂದೆ ನಿಂತ್ಕಳಕ್ಕಾಗ್ನಿಲ್ಲ ಕಣಿ. ನನ್ ಕೀಲೇ ಓದ್ಮೇಲೆ ನಿಮ್ ಗಾಡಿ ಕೀಲಿಗೆ ಎಣ್ಣೆ ಎಲ್ಲಿಂದ ಬಂದಾದು?"

ಅವಳ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. ಭಾವ ಕುಡಿಕೆ ಹಿಡಿದು ಗಾಣಿಗರ ಮನೆಗೆ ಹೋಗಿ ಎಣ್ಣೆ ತಂದು ಅಚ್ಚಿಗೆ ಹಾಕಿದ. ಉಳಿದದ್ದನ್ನು ಅಂಗೈಗೆ ಬಿಟ್ಟುಕೊಂಡು ಜಗಲಿಗೆ ಬಂದು ಅಕ್ಕನ ಮಂಡಿಗೆ ತಿಕ್ಕಿದ. ಅವನು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನೋಡಲಾಗದೆ ಎತ್ತಿನ ಕಡೆ ತಿರುಗಿಕೊಂಡೆ.

"ದೋಣಿಗೆ ಒಂದ್ಹೊರೆ ಹುಲ್ ಹಾಸು ಕಣ್ಲಾ," ಎಂದ ನನಗೆ.

ಅಕ್ಕನನ್ನು ಎತ್ತಿ ದೋಣಿಯೊಳಗೆ ಕೂರಿಸಿದ. ಗಾಡಿ ಹೊರಟಿತು. ಭಾವ ಅಚ್ಚಿನ ಪಕ್ಕಕ್ಕೆ ಬಾಗಿ, ಕಿವಿ ಕೊಟ್ಟುಕೊಂಡೇ ನಡೆದ. ಅಚ್ಚು ಕಿರ್ ಎನ್ನುತ್ತದೆ, ಗುಂಭ ಬಿರಿಯುತ್ತದೆ ಎಂದು ಕಾದ. ಒಂದು ಮೈಲಿ ಆಯಿತು, ಎರಡಾಯಿತು. ಎತ್ತುಗಳಿಗೂ ವ್ಯತ್ಯಾಸ ತಿಳಿದ ಹಾಗೆ ಕಾಣಲಿಲ್ಲ. ಭಾವನಿಗೆ ಗಾಬರಿಯಾಗಿ ದೋಣಿಯ ಅಂಚು ಹಿಡಿದು ಇಣುಕಿದ.

"ಕುಂತಿದ್ದೀಯಾ?"

"ಕುಂತಿವ್ನಿ."

ಸ್ವಲ್ಪ ದೂರ ಹೋಗಿ ಮತ್ತೆ ಇಣುಕಿದ. ಹುಲ್ಲಿನ ಮೇಲೆ ಅಕ್ಕ ಒಂದು ಮೂಲೆ ತುಂಬುವಷ್ಟೇ ಇದ್ದಳು. ಮನೆಯಲ್ಲಿ ದಿನವೂ ಕಣ್ಣೆದುರಿಗಿದ್ದವಳು ಯಾವಾಗ ಇಷ್ಟು ಸವೆದಳೋ ನಮಗಿಬ್ಬರಿಗೂ ಗೊತ್ತಾಗಿರಲಿಲ್ಲ.

"ಇಷ್ಟೇನಮ್ಮಿ ನಿನ್ ಭಾರ?" ಎಂದ ಭಾವ.

"ಮೊದ್ಲು ಇತ್ತು ಕಣಿ," ಎಂದಳು ಅಕ್ಕ. "ಆಗ ಗಾಡಿ ಅತ್ತಿಸ್ಕಬೇಕಾಗಿತ್ತು."

ಭಾವ ಮತ್ತೆ ಅಚ್ಚಿನ ಕಡೆ ಬಾಗಲಿಲ್ಲ. ನಂಜನಗೂಡಿನವರೆಗೂ ದೋಣಿಯ ಅಂಚಿನ ಮೇಲೆ ಕೈಯಿಟ್ಟುಕೊಂಡೇ ನಡೆದ.