ನಡುಕೆರೆಯಲ್ಲಿ ನಿಂತ ಮೋಟಾರು

ಇನ್ನೂ ಮುಖ ಕಾಣದ ನಸುಕು. ತುರುವೇಕೆರೆ ಕಡೆಯ ಹೊನ್ನಗಟ್ಟದಲ್ಲಿ, ಕೆರೆಯ ಅಂಚಿಗೆ ಎಳೆದಿಟ್ಟ ದೋಣಿಯ ಹಿಂಬದಿಗೆ ಹಳೆಯ ಮೋಟಾರೊಂದನ್ನು ಬಿಗಿದಿದ್ದಾರೆ. ಲಕ್ಕಯ್ಯ ಬಂದವರೇ ಯಾರನ್ನೂ ಮಾತಾಡಿಸದೆ ಅದರ ತಲೆಯ ಮೇಲೆ ಅಂಗೈ ಇಡುತ್ತಾರೆ. ತಣ್ಣಗಿದೆ.

"ಬಿಸಿ ಮಾಡಿಕ್ಕಿದ್ರೆ ಎಂಥ ಇಂಜಿನ್ನೂ ಒಂದೇ ಎಳೆತಕ್ಕೆ ಹತ್ಕತ್ತದೆ. ನೋಡೋರು ಬರಾಕೆ ಮುಂಚೆ ಓಡ್ಸಿ ನಿಲ್ಸಿರ್ತಾರೆ. ಅದ್ಕೇ ನಾನು ಕೋಳಿ ಕೂಗೋ ಹೊತ್ಗೆ ಬರೋದು."

"ನಿನ್ನ ಅನುಮಾನಕ್ಕೆ ಮದ್ದಿಲ್ಲ ಕಣಯ್ಯ," ಎನ್ನುತ್ತಾರೆ ಗಂಗಯ್ಯ. ಇವರು ತಿಪಟೂರಿನಲ್ಲಿ ಹಳೆಯ ಪಂಪ್‌ಸೆಟ್ಟುಗಳ ದಲ್ಲಾಳಿ. ಕರಾವಳಿಗೆ ಕೊಬ್ಬರಿ ಇಳಿಸಿ ಬರುತ್ತಿದ್ದ ಲಾರಿಯಲ್ಲಿ ಈ ಮೋಟಾರನ್ನು ಹೇರಿಕೊಂಡು ತಂದವರು ಅವರೇ. ಕೊಳ್ಳಬೇಕೆಂದಿರುವುದು ಊರಿನ ಹಾಲಿನ ಸಂಘ. ನಂಬಬಹುದೋ ಬಾರದೋ ಎಂದು ಹೇಳಬೇಕಾದವರು ಲಕ್ಕಯ್ಯ. ತೊಡಕಿರುವುದು ಅಲ್ಲೇ. ಈ ಕೆರೆಯಲ್ಲಿ ಹರಿಗೋಲು ಹಾಕುವವರೂ ಲಕ್ಕಯ್ಯನೇ. ಮೋಟಾರು ಊರಿಗೆ ಬಂದ ದಿನ ಅವರ ಹುಟ್ಟು ಗೋಡೆಗೆ ಒರಗುತ್ತದೆ.

ಮಳೆಗಾಲದಲ್ಲಿ ಕೆರೆ ತುಂಬಿತೆಂದರೆ ಆಚೆಪಾಳ್ಯಕ್ಕೆ ಹೋಗುವ ದಾರಿ ಮುಳುಗುತ್ತದೆ. ಹಾಲಿನ ಕ್ಯಾನು, ಸ್ಕೂಲಿನ ಮಕ್ಕಳು, ಕಾಯಿಲೆಯವರು, ಎಲ್ಲ ದಾಟಬೇಕಾದದ್ದು ಲಕ್ಕಯ್ಯನ ಹರಿಗೋಲಿನಲ್ಲಿ. ಕೂಲಿ ಎಂದು ಯಾರೂ ಕೈಗೆ ಕೊಡುವುದಿಲ್ಲ; ಸುಗ್ಗಿಯಲ್ಲಿ ಮನೆಗಿಷ್ಟು ರಾಗಿ, ತೆಂಗು ಕೆಡವಿದಾಗ ಒಂದಷ್ಟು ಕಾಯಿ. ಅಪ್ಪನ ಕಾಲದಿಂದಲೂ ಹೀಗೇ. ಆದರೆ ಎಂಬತ್ತಮೂರರ ಮಳೆಗಾಲದಲ್ಲಿ, ಗಾಳಿಗೆ ಹರಿಗೋಲು ಬುಗುರಿಯ ಹಾಗೆ ಸುತ್ತುತ್ತಿರುವಾಗಲೇ ಅದರೊಳಗೆ ಆಚೆಪಾಳ್ಯದ ಅಂಕಮ್ಮನಿಗೆ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಉಳಿದರು. ಅಲ್ಲಿಂದೀಚೆಗೆ ಪಾಳ್ಯದವರ ಬಾಯಲ್ಲಿ ಮೋಟಾರಿನದೇ ಮಾತು. ಓಡಿಸಲು ಹಾಲು ಅಳೆಯುವವನ ತಮ್ಮನನ್ನು ಆಗಲೇ ಗೊತ್ತುಮಾಡಿದ್ದಾರೆ.

ಲಕ್ಕಯ್ಯನನ್ನು ಪರೀಕ್ಷೆಗೆ ಕರೆದದ್ದಕ್ಕೂ ಕಾರಣವಿದೆ. ಹರೆಯದಲ್ಲಿ ಅವರು ಶರಾವತಿ ಕಡೆ ಅಣೆಕಟ್ಟೆ ಕೆಲಸಕ್ಕೆ ಹೋಗಿ, ನೀರಿನ ಆಳ ಅಳೆಯುವ ದೋಣಿಯಲ್ಲಿ ಇಂಥದ್ದೇ ಮೋಟಾರಿನ ಜೊತೆ ಏಗಿದವರು. ಈಗ ಬೇಸಿಗೆಯಲ್ಲಿ ತೋಟಗಳ ಇಂಜಿನ್ನು ರಿಪೇರಿ, ಮಳೆಗಾಲದಲ್ಲಿ ಹರಿಗೋಲು.

ಲಕ್ಕಯ್ಯ ಮೋಟಾರಿನ ಬುಡದ ತಿರುಪು ಬಿಚ್ಚಿ ಗಿಯರಿನ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಆಗತಾನೆ ಮೂಡುತ್ತಿರುವ ಬೆಳಕಿಗೆ ಹಿಡಿಯುತ್ತಾರೆ. ಹಾಲು ಬೆರೆತ ಕಾಫಿಯಂತಿದ್ದರೆ ಒಳಗೆ ನೀರು ಹೊಕ್ಕಿದೆ ಎಂದರ್ಥ. ಇದು ಕಪ್ಪಗಿದೆ. ಹಗ್ಗವನ್ನು ಮೆಲ್ಲಗೆ ಎಳೆದು, ಒಳಗಿನ ಬಿಗಿ ಕೈಗೆ ಎದುರಾಡುವುದನ್ನು ನೋಡುತ್ತಾರೆ. ಅದೂ ಇದೆ. ಸಂಘದ ಅಧ್ಯಕ್ಷ ಮರುಳಸಿದ್ದಯ್ಯ ಬೀಡಿ ಹಚ್ಚದೆ ಕೈಯಲ್ಲೇ ಹಿಡಿದು ನಿಂತಿದ್ದಾರೆ.

"ಏನಂತೀಯ ಲಕ್ಕಯ್ಯ?"

"ದಡದಾಗೆ ಏನೂ ಅನ್ನಲ್ಲ. ನಡುನೀರ್ಗೆ ಹೋಗಿ ಆರ್ಸಿ, ಬಿಸೀಲೇ ತಿರ್ಗ ಹತ್ತಿಸ್ಬೇಕು. ನೀವಿಬ್ರೂ ದೋಣಿ ಹತ್ರಿ."

ಕೆರೆ ಕೋಡಿ ಬಿದ್ದು ಎರಡು ದಿನವಾಗಿದೆ. ಹೆಚ್ಚಾದ ನೀರು ಹರಿದುಹೋಗುವ ಆ ಕಡೆಯಿಂದ ಭೋರೆಂಬ ಸದ್ದು ಬರುತ್ತಿದೆ. ಗಂಗಯ್ಯನಿಗೆ ಈಜು ಬಾರದು, ಆದರೂ ಮಾಲಿನ ಮಾನಕ್ಕೆ ಹತ್ತುತ್ತಾರೆ. ಮೋಟಾರು ಎರಡನೆಯ ಎಳೆತಕ್ಕೆ ಹತ್ತಿಕೊಂಡು ಚೆನ್ನಾಗಿಯೇ ಓಡುತ್ತದೆ. ಕೆರೆಯ ನಡುವಿಗೆ ಬರುತ್ತಿದ್ದಂತೆ, ಲಕ್ಕಯ್ಯ ಆರಿಸುವ ಮೊದಲೇ, ಎರಡು ಸಲ ಕೆಮ್ಮಿ ತಾನೇ ನಿಂತುಹೋಗುತ್ತದೆ.

ಲಕ್ಕಯ್ಯ ಹಗ್ಗ ಎಳೆಯುತ್ತಾರೆ. ಇಲ್ಲ. ಮತ್ತೆ ಎಳೆಯುತ್ತಾರೆ. ದೋಣಿ ನಿಧಾನವಾಗಿ ಮೂತಿ ತಿರುಗಿಸಿ ಕೋಡಿಯ ಕಡೆಗೆ ಸರಿಯತೊಡಗುತ್ತದೆ.

"ನಿನ್ನೆ ಓಡ್ತಲ್ಲ ಇದು. ನೀನೇ ಏನೋ ಮಾಡಿದೀಯ ಕಣ್ಲಾ," ಎಂದು ಗಂಗಯ್ಯ ಕೂಗುತ್ತಾರೆ.

"ಬುಡಯ್ಯ ಸಾಕು," ಎನ್ನುತ್ತಾರೆ ಮರುಳಸಿದ್ದಯ್ಯ. "ಕಣ್ಣಾರೆ ನೋಡಿದ್ನಲ್ಲ. ಬ್ಯಾಡ ಇದು. ಹುಟ್ಟು ಎತ್ಕೊ, ದಡಕ್ಕೆ ಹೋಗಾನ."

ಹುಟ್ಟು ಕಾಲ ಬಳಿಯೇ ಇದೆ. ಎತ್ತಿಕೊಂಡರೆ ಮುಗಿಯಿತು, ಹರಿಗೋಲು ಉಳಿಯುತ್ತದೆ, ತಪ್ಪು ಯಾರ ತಲೆಗೂ ಬರುವುದಿಲ್ಲ. ಲಕ್ಕಯ್ಯನ ಕೈ, ಡಬ್ಬಿಯಿಂದ ಇಂಜಿನ್ನಿಗೆ ಉರುವಲು ಎಣ್ಣೆ ಹಾಯಿಸುವ ಕೊಳವೆಯ ನಡುವಿನ ರಬ್ಬರ್ ಉಂಡೆಯ ಮೇಲಿದೆ. ಹಿಂಡಿದ್ದು ಉಬ್ಬದೆ ಚಪ್ಪಟೆಯಾಗಿಯೇ ಉಳಿದಿದೆ. ಅವರು ಎಣ್ಣೆ ಡಬ್ಬಿಯತ್ತ ನೋಡುತ್ತಾರೆ. ಡಬ್ಬಿ ತುಂಬಿಸಿ ಮುಚ್ಚಿದ್ದು ಗಂಗಯ್ಯ. ಬೆಳಗಿನಿಂದ ಅದನ್ನು ಲಕ್ಕಯ್ಯ ಮುಟ್ಟಿರಲಿಲ್ಲ. ಮುಚ್ಚಳದ ಮೇಲಿನ ಗಾಳಿಯ ತಿರುಪು ಪೂರ್ತಿ ಬಿಗಿದಿದೆ. ಗಾಳಿ ಹೋಗದ ಡಬ್ಬಿಯಿಂದ ಎಣ್ಣೆ ಹೊರಡದು. ತಿಪಟೂರಿನಿಂದ ತರುವಾಗ ಬಸ್ಸಿನ ಟಾಪಿನ ಮೇಲೆ ಚೆಲ್ಲದಿರಲೆಂದು, ಪಂಪ್‌ಸೆಟ್ಟಿನ ಡಬ್ಬಿಯ ಹಾಗೆಯೇ ಇದೂ ಎಂದುಕೊಂಡು ಬಿಗಿದಿದ್ದಾರೆ. ಇದು ಗೊತ್ತಾದದ್ದು ದೋಣಿಯಲ್ಲಿ ಒಬ್ಬರಿಗೆ ಮಾತ್ರ.

ಭೋರೆಂಬ ಸದ್ದು ಹತ್ತಿರವಾಗುತ್ತಿದೆ. "ಹುಟ್ಟು ಹಾಕೋ ಮಾರಾಯ," ಎಂದು ಗಂಗಯ್ಯ ದೋಣಿಯ ಅಂಚು ತಬ್ಬಿದ್ದಾರೆ.

ಲಕ್ಕಯ್ಯ ಬಗ್ಗಿ ತಿರುಪು ಸಡಿಲಿಸುತ್ತಾರೆ. ಗಾಳಿ ಸುಂಯ್ ಎಂದು ಒಳಗೆ ನುಗ್ಗುತ್ತದೆ. ಉಂಡೆಯನ್ನು ಮತ್ತೆ ಮತ್ತೆ ಹಿಂಡಿ, ಅದು ಗಟ್ಟಿಯಾದ ಮೇಲೆ ಹಗ್ಗ ಎಳೆಯುತ್ತಾರೆ. ಮೋಟಾರು ಹತ್ತಿಕೊಳ್ಳುತ್ತದೆ. ದೋಣಿ ಕೋಡಿಗೆ ಬೆನ್ನು ಹಾಕಿ ಆಚೆಪಾಳ್ಯದ ದಡ ಮುಟ್ಟುತ್ತದೆ. ಹಿಂದಿರುಗುವಾಗ ಲಕ್ಕಯ್ಯ ತಾವೇ ನಡುನೀರಿನಲ್ಲಿ ಮೂರು ಸಲ ಆರಿಸಿ ಮೂರು ಸಲ ಹತ್ತಿಸುತ್ತಾರೆ.

"ತಗಳ್ರಿ," ಎನ್ನುತ್ತಾರೆ ದಡದಲ್ಲಿ. "ಇಂಜಿನ್ ತಣ್ಣಗಿಡೋ ನೀರು ಉಗುಳೋದು ಸಣ್ಣಗೈತೆ, ಒಳಗಿನ ನೀರೆತ್ತೋ ರಬ್ಬರ್ ಬದ್ಲಾಯಿಸ್ಬೇಕು. ಓಡ್ಸೋ ಹುಡುಗನ್ಗೆ ಈ ಗಾಳಿ ತಿರುಪು ತೋರ್ಸಿಕೊಡ್ತೀನಿ, ಕಳಿಸ್ರಿ."

ಮನೆಗೆ ಸುದ್ದಿ ಅವರಿಗಿಂತ ಮೊದಲೇ ತಲುಪಿದೆ. ಹೆಂಡತಿ ಪುಟ್ಟಗಂಗಮ್ಮ ಮುದ್ದೆ ಬಡಿಸುತ್ತ ಮುಖ ಎತ್ತುವುದಿಲ್ಲ.

"ಅಧ್ಯಕ್ಸರೇ ಬ್ಯಾಡ ಅಂದ್ರಂತೆ. ಸುಮ್ಕೆ ಬಂದಿದ್ರೆ ಆಗ್ತಿರ್ಲಿಲ್ವಾ?"

"ಸುಮ್ಕೆ ಬಂದು, ನಾಳೆ ಇನ್ನೊಬ್ಳು ಹರಿಗೋಲ್ನಾಗೆ ನೋವು ತಿಂದ್ರೆ ಯಾರ ಮುಖ ನೋಡ್ಲೇ?"

ಮುಂದೇನು ಎಂದು ಹೆಂಡತಿ ಕೇಳಿದರೆ ಲಕ್ಕಯ್ಯ ತೋಟಗಳ ಇಂಜಿನ್ನಿನ ಮಾತೆತ್ತುತ್ತಾರೆ. ಮಳೆಗಾಲದಲ್ಲಿ ಅದಕ್ಕೂ ಕೆಲಸ ಕಡಿಮೆ ಎಂಬುದು ಅವರಿಗೂ ಗೊತ್ತು. ಆಮೇಲೆ ಹೇಳುತ್ತಾರೆ: "ಈ ಕೆರೇನ ಒಂದ್ಸಲಾನೂ ಕೈಕಟ್ಟಿ ಕೂತು ದಾಟಿಲ್ಲ. ಒಂದ್ ದಪ ಹಂಗೆ ಕೂತ್ಕಂಡು ಹೋಗ್ಬೇಕು. ನಿನ್ನೂ ಕೂರಿಸ್ಕಂಡು."

ಪುಟ್ಟಗಂಗಮ್ಮ ಸೊಪ್ಪಿನ ಸಾರು ಬಿಡುತ್ತ ತಡೆದು ಕೇಳುತ್ತಾರೆ:

"ನಡುನೀರ್ನಾಗೆ ನಿಲ್ಲಾಕಿಲ್ವಾ ಅದು?"

"ನಿಲ್ಲಾಕಿಲ್ಲ ಕಣೇ. ನೋಡಿವ್ನಿ."

"ಹಂಗಾರೆ ಬತ್ತೀನಿ ಬುಡು."