ಹಾರ ಬಿದ್ದ ಕರಿಹಲಗೆ

ಇವತ್ತು ಮುಂಜಾನೆ ಪೂಜೆಗೆ ಕೂತು ವಿಭೂತಿ ಗಟ್ಟಿಯ ಮೇಲೆ ನೀರು ಹನಿಸಿದಾಗ ಒದ್ದೆ ಸೀಮೆಸುಣ್ಣದ ವಾಸನೆ ಬಂತು. ಕೈ ಹಣೆಗೆ ಹೋಗುವ ಮೊದಲೇ ಮನಸ್ಸು ಈ ಸಂಭಾಜಿನಗರದ ಮನೆ ಬಿಟ್ಟು ನಾಶಿಕದ ನಮ್ಮ ಹಳೆಯ ಚೌಕಕ್ಕೆ ಹೋಗಿ ನಿಂತಿತು... ಕಾಕಾ ಅವರ ಕರಿಹಲಗೆಯ ಮುಂದೆ.

ಆಗ ನಮ್ಮ ಯಜಮಾನರಿಗೆ ಅಂಬಡ್‌ನ ಕಾರ್ಖಾನೆಯಲ್ಲಿ ಕೆಲಸ. ಕೆಳಗಿನ ಮನೆಯ ಕಾಕಾ ನಮ್ಮ ಕಲಬುರಗಿ ಕಡೆಯವರೇ. ಓಝರ್‌ನ ವಿಮಾನದ ಕಾರ್ಖಾನೆಯಿಂದ ನಿವೃತ್ತರಾಗಿ ಮಗ-ಸೊಸೆಯ ಜೊತೆ ಇದ್ದರು. ಆ ಕಡೆ ಚೌಕಗಳಲ್ಲಿ ಗೋಡೆಗೊಂದು ಕರಿಹಲಗೆ ಇರುವುದು ರೂಢಿ. ನಮ್ಮ ಚೌಕದ್ದು ಕಾಕಾ ಅವರ ಪಾಲಿನದು. ಹಣೆಯ ವಿಭೂತಿ ಆರುವ ಮೊದಲೇ ಒದ್ದೆ ಅರಿವೆಯಿಂದ ಅದನ್ನು ಒರೆಸಿ ಮರಾಠಿಯಲ್ಲಿ ಬರೆಯುತ್ತಿದ್ದರು: ನೀರು ಯಾವಾಗ ಬರುತ್ತದೆ, ಯಾರ ಮನೆಯಲ್ಲಿ ಸಾವಾಗಿದೆ, ಯಾರಿಗೆ ರಕ್ತ ಬೇಕಾಗಿದೆ, ಯಾರ ಕೀಲಿಕೈ ಸಿಕ್ಕಿದೆ. ತಾವೇ ಹೋಗಿ ವಿಚಾರಿಸದೆ ಒಂದಕ್ಷರ ಬರೆದವರಲ್ಲ. ಮೂಲೆಯಲ್ಲಿ ಮಾತ್ರ ಸಣ್ಣಗೆ, ಕನ್ನಡದಲ್ಲಿ, ‘ಶರಣು’. ನಾನು ಮರಾಠಿ ಓದಲು ಕಲಿತದ್ದು ಆ ಹಲಗೆಯಿಂದಲೇ.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಅದರ ಹಿಂದೆಯೇ ಚುನಾವಣೆ ಬಂತು. ನಮ್ಮ ಚೌಕದ ವಾಟ್ಸ್ಆ್ಯಪ್ ಗುಂಪಿನಲ್ಲಿ ಮುಂಜಾನೆ ಗುಲಾಬಿ ಹೂ ಕಳಿಸಿದವರೇ ಊಟದ ಹೊತ್ತಿಗೆ ಒಬ್ಬರಿಗೊಬ್ಬರು ದೇಶ ಬಿಟ್ಟು ಹೋಗಲು ಹೇಳುತ್ತಿದ್ದರು. ಬೆಂಡೆಕಾಯಿ ನೆನೆಸಿದ ನೀರು ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಎಂದು ನಂಬುವುದರಲ್ಲಿ ಮಾತ್ರ ಎರಡೂ ಪಕ್ಷದವರಿಗೆ ಒಮ್ಮತವಿತ್ತು.

ಆ ಎರಡೂ ಪಕ್ಷದವರ ಕಣ್ಣು ಹಲಗೆಯ ಮೇಲೂ ಬಿತ್ತು. ಮೊದಲು ಇವರು ಬಂದು ತಮ್ಮ ಘೋಷಣೆ ಬರೆಯಿರಿ ಎಂದರು, ಆಮೇಲೆ ಅವರು ಬಂದು ತಮ್ಮದು ಬರೆಯಿರಿ ಎಂದರು. ಕಾಕಾ ಇಬ್ಬರಿಗೂ ಒಲ್ಲೆ ಎಂದರು. ಹಾಗಾದರೆ ಹಲಗೆ ಕಿತ್ತು ಅಲ್ಲಿ ನಾಯಕರ ಫ್ಲೆಕ್ಸ್ ಹಾಕುತ್ತೇವೆ ಎಂದು ಎರಡೂ ಕಡೆಯವರು ಪೈಪೋಟಿಗೆ ನಿಂತರು.

ಅವತ್ತು ಕಾಕಾ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದು ಕೂತರು. “ನೀರು ಬರೂ ಹೊತ್ತು ಬರೀತೀನವ್ವಾ, ಯಾವ ಪಾರ್ಟಿ ಬರ್ತದಂತ ನನಗೇನ್ ಗೊತ್ತದ? ಹಲಗಿ ಕಿತ್ತರ ಮುಂಜಾನೆ ಎದ್ದು ನಾ ಏನ್ ಮಾಡ್ಲಿ, ತಂಗಿ?” ಎಂದರು. ಕೊಟ್ಟ ಚಹಾ ತಣ್ಣಗಾಯಿತು. ನಾನು ಮನಸ್ಸಿನಲ್ಲೇ ಶಿವನಿಗೆ ಕೈಮುಗಿದೆ.

ಅದೇ ವಾರ ಅವರ ಹುಟ್ಟುಹಬ್ಬ. ನನ್ನ ಮಗಳು ಅವರ ಮನೆಯ ಗೋಡೆಯಲ್ಲಿದ್ದ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಗುಂಪಿಗೆ ಹಾಕಿದಳು. ಕಾರ್ಖಾನೆಯಲ್ಲಿ ಬೀಳ್ಕೊಟ್ಟ ದಿನದ್ದು: ಹೆಗಲಿಗೆ ಶಾಲು, ಕೊರಳಿಗೆ ಚೆಂಡುಹೂವಿನ ಹಾರ. ಕೆಳಗಿನ ಶುಭಾಶಯ ಓದುವ ಪುರುಸೊತ್ತು ಯಾರಿಗಿತ್ತು? ಮುದುಕರ ಫೋಟೋ, ಮೇಲೆ ಹಾರ... ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಒಬ್ಬರು ಹಾಕಿದರು. ಹಿಂದೆಯೇ ಸಾಲುಗಟ್ಟಿ ಬಂತು. ಹಲಗೆ ಕೀಳಲು ಹೊರಟವರೇ ಕಾಕಾ ಚೌಕದ ಆಧಾರಸ್ತಂಭ ಎಂದು ಬರೆದರು. ದುಃಖದಲ್ಲೂ ಎರಡು ಪಕ್ಷಗಳ ಪೈಪೋಟಿ.

“ಮಮ್ಮಿ, ನಾ ತೋ ಬರ್ತ್‌ಡೇ ವಿಶ್ ಮಾಡಿದ್ದೆ!” ಎಂದು ಮಗಳು ಅಳುತ್ತಾ ಬಂದಳು.

ಇಬ್ಬರೂ ಕೆಳಗೆ ಓಡಿದೆವು. ಅಷ್ಟರಲ್ಲಿ ಎರಡೂ ಕಡೆಯವರು ಹಾರ ಹಿಡಿದು ಚೌಕಕ್ಕೆ ಬಂದಿದ್ದರು. ಕಾಕಾ ಬೆನ್ನು ಮಾಡಿ ನಿಂತು ಹಲಗೆ ಒರೆಸುತ್ತಿದ್ದರು. ತಿರುಗಿ ನೋಡಿದರು. ಕೈಯಲ್ಲಿದ್ದ ಹಾರಗಳು ಬೆನ್ನ ಹಿಂದೆ ಸರಿದವು. ಮಗಳು ತೊದಲುತ್ತಾ ಎಲ್ಲ ಹೇಳಿದಳು. ಅವಳ ತಲೆ ನೇವರಿಸಿ ಕಾಕಾ ನನ್ನ ಕಡೆ ನೋಡಿದರು. “ಸತ್ರ ಎಷ್ಟ್ ಛಲೋ ಮಾತಾಡ್ತಾರ ನೋಡವ್ವಾ!” ಆಮೇಲೆ ಹಾರದವರಿಗೆ ಮರಾಠಿಯಲ್ಲಿ, ತಂದದ್ದನ್ನು ವಾಪಸು ಒಯ್ಯಬೇಡಿ, ಹಲಗೆಗೆ ಹಾಕಿ ಎಂದರು. ತಲೆ ತಗ್ಗಿಸಿ ಹಾಕಿದರು. ಆ ದಿನ ಹಲಗೆಯ ಮೇಲಿದ್ದದ್ದು ಇಷ್ಟೇ: ‘ಕಾಕಾ ಇದ್ದಾರೆ. ನೀರು ಸಂಜೆಗೆ.’

ತಮ್ಮ ಕೈಯಿಂದಲೇ ಹಾರ ಹಾಕಿದ್ದನ್ನು ಕೀಳಲು ಯಾರಿಗೂ ಮನಸ್ಸು ಬರಲಿಲ್ಲ. ಫ್ಲೆಕ್ಸುಗಳು ಬೇರೆ ಗೋಡೆ ಹುಡುಕಿಕೊಂಡವು.

ಕೆಲವು ವರ್ಷಗಳ ಮೇಲೆ ಒಂದು ಮುಂಜಾನೆ ಹಲಗೆ ಒದ್ದೆಯಾಗಲಿಲ್ಲ. ಕಾಕಾ ನಿದ್ದೆಯಲ್ಲೇ ಹೋಗಿದ್ದರು. ನರಳಲಿಲ್ಲ, ಅಷ್ಟು ದಯೆ ತೋರಿದ ಶಿವ. ಮಣ್ಣು ಮಾಡುವುದು ಮಧ್ಯಾಹ್ನಕ್ಕೇ ಎಂದು ನಿಶ್ಚಯವಾಯಿತು. ಅವರ ಮಗ ಹೇಳಿದಂತೆ ನನ್ನ ಮಗಳು ಗುಂಪಿಗೆ ಸುದ್ದಿ ಹಾಕಿದಳು. ನಗುವ ಮುಖಗಳು ಬಂದವು. ಈ ಸಲ ನಾವು ಹಾರ ತರುವುದಿಲ್ಲ ಎಂದು ಯಾರೋ ಚೇಷ್ಟೆ ಮಾಡಿದರು. ಹೊತ್ತು ಏರಿದರೂ ಅಂಗಳಕ್ಕೆ ಯಾರೂ ಬರಲಿಲ್ಲ. ಇಡೀ ಚೌಕದ ಸಾವುನೋವು ವಿಚಾರಿಸಿದ ಮನುಷ್ಯನಿಗೆ ಹೆಗಲು ಕೊಡುವವರಿಲ್ಲದೆ...

ನಾನು ಹೋಗಿ ಅವರ ಪಾದ ಮುಟ್ಟಿ ಬಂದೆ. ಹಲಗೆ ಒರೆಸಿದೆ. ನನ್ನ ವಕ್ರ ಮರಾಠಿಯಲ್ಲಿ ಬರೆದೆ: ‘ಕಾಕಾ ಹೋದರು. ಮಧ್ಯಾಹ್ನ ಮಣ್ಣು.’ ಮೂಲೆಯಲ್ಲಿ, ಅವರ ಹಾಗೆಯೇ ಸಣ್ಣಗೆ, ‘ಶರಣು’.

ಕಾಯಿಪಲ್ಲೆ ತರಲು ಹೊರಟವರು ಓದಿ ನಿಂತರು. ಸ್ವಲ್ಪ ಹೊತ್ತಿಗೆ ಅಂಗಳ ತುಂಬಿತು. ಹಾರ ತಂದಿದ್ದ ಆ ಎರಡು ಕಡೆಯವರೇ ಹೆಗಲು ಕೊಟ್ಟರು. ಆ ದಿನ ನಳಕ್ಕೆ ನೀರೂ ಬೇಗ ಬಂತು, ಬಂದವರು ಕೈಕಾಲು ತೊಳೆಯಲು ಸಾಕಾಯಿತು. ಇಂಥವನ್ನೇ ನಾನು ದೇವರ ದಯೆ ಎಂದು ಲೆಕ್ಕ ಹಿಡಿಯುವುದು.

ಈಚೆಗೆ ಆ ಕಡೆ ಹೋದಾಗ ನೋಡಿದೆ, ಆ ಗೋಡೆಯ ಮೇಲೆ ಫ್ಲೆಕ್ಸ್ ಇದೆ. ಹಲಗೆ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿಲ್ಲ.

ಹಣೆಯ ವಿಭೂತಿ ಆರಿತು. ಮೊಬೈಲು ಸದ್ದು ಮಾಡಿತು, ಹಳೆಯ ಗುಂಪಿನಲ್ಲಿ ಯಾರೋ ತೀರಿಹೋದರಂತೆ. ನಿಜವೋ ಸುಳ್ಳೋ... ಹೋಗಿ ವಿಚಾರಿಸಿ ಬಂದು ಹೇಳುವವರು ಈಗಿಲ್ಲ.