ಅವಸರದ ಪೆಟ್ಟಿಗೆ

ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತೇ ಆಕೆಯ ತಲೆ ನರೆತದ್ದು. ನಿವೃತ್ತಿಯಾಗಿ ವರ್ಷಗಳಾದರೂ ಬೀದಿಯವರಿಗೆಲ್ಲ ಆಕೆ ಇಂದಿಗೂ ‘ಹಲೋ ಅಕ್ಕ’. ಆಕೆ ಕೆಲಸಕ್ಕೆ ಸೇರಿದಾಗ ತಂತಿಗಳನ್ನು ತೂತಿನಿಂದ ತೂತಿಗೆ ಚುಚ್ಚಿ ಮಾತು ಕೂಡಿಸುತ್ತಿದ್ದ ಕಾಲ ಅದು. ಔಷಧಿ ಕೋಣೆಯ ಕಂಪೌಂಡರಿಂದ ಮಾತ್ರ ದಿನವೂ ವಿನಾಕಾರಣ ಕರೆ.

“ಲೈನು ಸರಿಯಾಗಿದೆಯಾ ಅಂತ ನೋಡಿದೆ.”

“ಲೈನು ಚೆನ್ನಾಗೇ ಇದೆ. ನಿಮಗೇ ಏನೋ ಆಗಿದೆ” ಎಂದು ಆಕೆ ಒಂದು ದಿನ ಅಂದೇಬಿಟ್ಟರು. ಮದುವೆ ನಿಶ್ಚಯವಾದದ್ದು ಹಾಗೆ.

ಆ ಕಂಪೌಂಡರಿಗೆ ಕಳೆದ ವರ್ಷ ಪಾರ್ಶ್ವವಾಯು ಬಡಿದು ಬಲಗೈ ಸೋತಿತು. ಅದೇ ಹೊತ್ತಿಗೆ ಫೋನ್ ಕಂಪನಿಯವರು ಬೀದಿಯ ಹಳೆಯ ಫೋನ್ ತಂತಿ ಕಿತ್ತುಹಾಕಿ, ಇಂಟರ್ನೆಟ್ಟಿನ ಮೇಲೆ ನಡೆಯುವ ಅಂಗೈಯಗಲದ ಪೆಟ್ಟಿಗೆಯೊಂದನ್ನು ಕೊಟ್ಟುಹೋದರು. ಹಳೆಯ ಫೋನು ಅದಕ್ಕೇ ಜೋತುಬಿತ್ತು. ಕಂಪೌಂಡರು ಎಡಗೈಯಲ್ಲಿ ತಡಕಿ ನಾಲ್ಕು ಅಂಕಿ ಒತ್ತುವಷ್ಟರಲ್ಲಿ ಪೆಟ್ಟಿಗೆ ತಾಳ್ಮೆಗೆಟ್ಟು ಅಷ್ಟನ್ನೇ ಕಳಿಸಿಬಿಡುತ್ತಿತ್ತು. ‘ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ’ ಎಂಬ ಉತ್ತರ ಕೇಳಿ ಕೇಳಿ ಅವರು ರಿಸೀವರ್ ಕುಕ್ಕಿದರು.

“ನನ್ನ ಕೈಲಿ ಇನ್ನು ಫೋನೂ ಆಗಲ್ಲ ಕಣೇ.”

ತಮ್ಮನಿಗೆ ವಾರವಾರ ಫೋನ್ ಮಾಡುವುದನ್ನೂ ಬಿಟ್ಟರು. ಹೆಂಡತಿ ತಾನೇ ಒತ್ತಿಕೊಡುತ್ತೇನೆ ಎಂದರೆ ಮುಖ ತಿರುಗಿಸಿಬಿಡುತ್ತಿದ್ದರು.

ಭಾನುವಾರ ಆಕೆಯ ತಂಗಿಯ ಮಗಳು ಲ್ಯಾಪ್‌ಟಾಪ್ ಹಿಡಿದು ಬಂದಳು. ಪೆಟ್ಟಿಗೆಯ ಸೆಟ್ಟಿಂಗು ತೆರೆದರೆ ಅಂಕಿ, ಚುಕ್ಕಿ, ಗೀಟುಗಳ ಸಾಲೊಂದು ಕಂಡಿತು.

“ಯಾವ ನಂಬರು ಒತ್ತಿದ್ರೆ ಏನು ಮಾಡ್ಬೇಕು ಅನ್ನೋದು ಇಲ್ಲಿದೆ ದೊಡ್ಡಮ್ಮಾ. ಅಂಕಿ ಅಂಕಿ ಮಧ್ಯೆ ಎಷ್ಟು ಹೊತ್ತು ಕಾಯ್ಬೇಕು ಅನ್ನೋದೂ ಇಲ್ಲೇ. ಈಗ ಮೂರು ಸೆಕೆಂಡಿದೆ.”

“ಹದಿನೈದು ಮಾಡು. ಓಡಿಹೋಗಿ ಯಾವ ರೈಲು ಹಿಡೀಬೇಕು ಅದಕ್ಕೆ?”

ಜೊತೆಗೆ, ಎರಡರ ಗುಂಡಿಯೊಂದನ್ನು ಒತ್ತಿದರೆ ಸಾಕು, ಕರೆ ಕಾಯದೆ ತಮ್ಮನ ಮನೆಗೆ ಹೋಗುವಂತೆ ಇಬ್ಬರೂ ಸೇರಿ ಇನ್ನೊಂದು ನಿಯಮ ಬರೆದರು. ಅಲ್ಲೇ ಎಡವಟ್ಟಾಯಿತು. ಡಾಕ್ಟರ ನಂಬರು ಶುರುವಾಗುವುದೂ ಎರಡರಿಂದಲೇ. ಮರುದಿನ ಕಂಪೌಂಡರು ಕೆಮ್ಮು ತಾಳಲಾರದೆ ಅದನ್ನು ಒತ್ತತೊಡಗಿದರೆ ಮೊದಲ ಅಂಕಿಗೇ ಪೆಟ್ಟಿಗೆ ತಮ್ಮನ ಮನೆ ಸೇರಿತು.

“ಡಾಕ್ಟ್ರೇ, ಕೆಮ್ಮು ಬಿಡ್ತಾನೇ ಇಲ್ಲ.”

“ಅಣ್ಣಾ, ನಾನು! ಕೆಮ್ಮಿಗೆ ನನ್ನ ಹತ್ರ ಬೈಗುಳ ಬಿಟ್ರೆ ಬೇರೇನೂ ಇಲ್ಲ. ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ?”

ಅಣ್ಣತಮ್ಮಂದಿರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಡುಗೆಮನೆಯಲ್ಲಿದ್ದ ಆಕೆ ಒಲೆ ಸಣ್ಣ ಮಾಡಿ ಕೇಳುತ್ತ ನಿಂತರು. ಆ ನಗು ಔಷಧಿ ಕೋಣೆಯ ಹುಡುಗನದೇ, ಚೂರೂ ಬದಲಾಗಿರಲಿಲ್ಲ.

ಸಂಜೆ ತಂಗಿಯ ಮಗಳು ಮತ್ತೆ ಬಂದು, ಎರಡಕ್ಕೆ ಮೊದಲು ನಕ್ಷತ್ರದ ಗುಂಡಿಯನ್ನೂ ಒತ್ತಬೇಕು ಎಂದು ನಿಯಮ ತಿದ್ದಿದಳು. ಹೇಗೆಂದು ತೋರಿಸಹೋದರೆ ದೊಡ್ಡಪ್ಪ ಕೈ ಅಡ್ಡ ಹಿಡಿದರು.

“ಅದೆಲ್ಲ ಬೇಡಮ್ಮ. ಅವನ ನಂಬರು ನನಗೆ ಬಾಯಿಪಾಠ. ಈಗ ಇದು ಕಾಯುತ್ತೆ ತಾನೇ?”

ಒಂದೊಂದೇ ಅಂಕಿ ಒತ್ತಿದರು. ನಡುವೆ ಬೆರಳು ಮುಂದಿನ ಅಂಕಿ ಹುಡುಕುತ್ತ ನಿಂತಿತು. ಸಹಾಯಕ್ಕೆ ಹೊರಟ ಹುಡುಗಿಯ ರಟ್ಟೆಯನ್ನು ಆಕೆ ಮೆಲ್ಲಗೆ ಹಿಡಿದರು. ಕೊನೆಯ ಅಂಕಿಯೂ ಆಯಿತು. ಅತ್ತ ತಮ್ಮನ ಮನೆಯಲ್ಲಿ ಗಂಟೆ ಬಡಿಯತೊಡಗಿದಾಗ ಕಂಪೌಂಡರು ಹೆಂಡತಿಯತ್ತ ಹುಬ್ಬು ಹಾರಿಸಿ, ಕುರ್ಚಿಗೆ ಆರಾಮಾಗಿ ಒರಗಿದರು.